ಲೆವೆಲ್ ಸುಳ್ಳು ಹೇಳ್ತಿದೆಯಾ, ಗೋಡೆನೇ ಸೊಟ್ಟಗಿದೆಯಾ? ಸ್ಪಿರಿಟ್ ಲೆವೆಲ್ಲಿನ ತಪ್ಪು ಹಿಡಿಯುವ ಬಗೆ

ಮಟ್ಟ ನೋಡುವ ಲೆವೆಲ್ಲಿನ ಕೊಳವೆಯಲ್ಲಿ ಗುಳ್ಳೆ ಎರಡು ಗೆರೆಗಳ ನಡುವೆ ಅಚ್ಚುಕಟ್ಟಾಗಿ ಕೂತಿದೆ, ಆದರೂ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಕಟ್ಟೆಯ ಕಲ್ಲು ಮಟ್ಟವಾಗಿದೆ ಅಂತ ಲೆವೆಲ್ ಹೇಳುತ್ತದೆ, ಚೆಲ್ಲಿದ ನೀರು ಮಾತ್ರ ಪ್ರತಿ ಸಲ ಗೋಡೆ ಕಡೆಗೇ ಓಡುತ್ತದೆ. ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಹಾಕಿದ್ದನ್ನು ಕಿತ್ತು ಮತ್ತೆ ಹಾಕುತ್ತಾರೆ, ಅದೂ ಅದೇ ಲೆವೆಲ್ ಹಿಡಿದುಕೊಂಡು. ಲೆವೆಲ್ಲೇ ತಪ್ಪಾಗಿದ್ದರೆ ಎರಡನೇ ಸಲವೂ ಅದೇ ಸೊಟ್ಟ ಬರುತ್ತದೆ, ಇನ್ನೇನು.

ಹಾಗಾಗಿ ಉಳಿ, ಸುತ್ತಿಗೆ ಎತ್ತುವ ಮುಂಚೆ ತಪ್ಪು ಉಪಕರಣದ್ದಾ, ಕೆಲಸದ್ದಾ, ಇಲ್ಲಾ ಓದಿದ ಕಣ್ಣಿನದ್ದಾ ಅಂತ ಬೇರೆ ಮಾಡಿಕೊಳ್ಳಿ. ಇದಕ್ಕೆ ಇನ್ನೊಂದು ದುಬಾರಿ ಲೆವೆಲ್ ತರಬೇಕಾಗಿಲ್ಲ. ಕೈಯಲ್ಲಿರುವುದನ್ನೇ ತಿರುಗಿಸಿ ಇಟ್ಟರೆ ಸಾಕು.

ಮೊದಲು ಒರೆಸಿ

ಸುಮ್ನೆ ಹೇಳುತ್ತಿಲ್ಲ. ಲೆವೆಲ್ಲಿನ ತಳದಲ್ಲಿ ಒಣಗಿದ ಸಿಮೆಂಟಿನ ಒಂದು ಸಣ್ಣ ಮುದ್ದೆ ಅಂಟಿಕೊಂಡಿದ್ದರೂ ಕಥೆ ಮುಗಿಯಿತು. 60 ಸೆಂ.ಮೀ. ಲೆವೆಲ್ಲಿನ ಒಂದು ತುದಿಯ ಕೆಳಗೆ 1 ಮಿ.ಮೀ. ದಪ್ಪದ ಮರಳಿನ ಕಾಳು ಸಿಕ್ಕಿಕೊಂಡರೆ ಮೀಟರಿಗೆ ಸುಮಾರು 1.7 ಮಿ.ಮೀ. ಓರೆ ತೋರಿಸುತ್ತದೆ. ಒಂದು ಸುಮಾರಾದ ಲೆವೆಲ್ಲಿನ ತಪ್ಪಿಗಿಂತ ಇದೇ ಜಾಸ್ತಿ. ತಳದ ಅಂಚಿನ ಮೇಲೆ ಬೆರಳ ತುದಿ ಆಡಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಒಣಗಿದ ಗಾರೆಯನ್ನು ಕರಣೆಯಿಂದ ಕೆರೆಯಬೇಡಿ, ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಗೀರು ಬೀಳುತ್ತದೆ. ಒದ್ದೆ ಬಟ್ಟೆ ಸುತ್ತಿಟ್ಟು ನೆನೆಸಿ, ಮರದ ಚಕ್ಕೆಯಿಂದ ತೆಗೆಯಿರಿ. ಮ್ಯಾಗ್ನೆಟ್ ಇರುವ ಲೆವೆಲ್ ಆದರೆ ಕಬ್ಬಿಣದ ಪುಡಿ, ವೆಲ್ಡಿಂಗ್ ಕಾಳು ಅಂಟಿಕೊಂಡೇ ಇರುತ್ತದೆ. ಅಂಟು ಟೇಪ್ ಒತ್ತಿ ಎಳೆದರೆ ಬರುತ್ತದೆ.

ಇಡುವ ಜಾಗವನ್ನೂ ಒರೆಸಿ. ಅರ್ಧಕ್ಕರ್ಧ ದೂರುಗಳು ಇಲ್ಲೇ ಮುಗಿಯುತ್ತವೆ ಅಂತ ನನ್ನ ಅಂದಾಜು.

ತಿರುಗಿಸಿ ನೋಡುವ ಪರೀಕ್ಷೆ

ಗಟ್ಟಿಯಾದ, ಅಲುಗಾಡದ ಒಂದು ಜಾಗ ಹುಡುಕಿ. ಅದು ಪಕ್ಕಾ ಮಟ್ಟವಾಗಿರಬೇಕು ಅಂತೇನಿಲ್ಲ, ಸುಮಾರಾಗಿ ಮಟ್ಟವಿದ್ದರೆ ಸಾಕು. ಲೆವೆಲ್ ಇಟ್ಟು ಎರಡೂ ತುದಿಗಳ ಹತ್ತಿರ ಪೆನ್ಸಿಲ್ಲಿನಿಂದ ಗುರುತು ಮಾಡಿ. ಗುಳ್ಳೆ ನಿಲ್ಲುವವರೆಗೆ ಕಾಯಿರಿ. ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ಈಗ ಲೆವೆಲ್ ಎತ್ತಿ, ಎಡದ ತುದಿ ಬಲಕ್ಕೆ ಬರುವ ಹಾಗೆ ತಿರುಗಿಸಿ, ಅದೇ ಗುರುತುಗಳ ನಡುವೆ ಅದೇ ತಳ ಕೂರುವಂತೆ ಮತ್ತೆ ಇಡಿ. ಮಗುಚಿ ಹಾಕುವುದಲ್ಲ, ತುದಿ ಬದಲಿಸುವುದು ಅಷ್ಟೇ.

ಈಗ ನೋಡಬೇಕಾದ್ದು ಒಂದೇ: ಗುಳ್ಳೆ ಯಾರ ಜೊತೆ ನಿಂತಿತು?

ಮೊದಲ ಸಲ ಗುಳ್ಳೆ ಕಿಟಕಿ ಕಡೆಗಿತ್ತು, ತಿರುಗಿಸಿದ ಮೇಲೂ ಕಿಟಕಿ ಕಡೆಗೇ ಅಷ್ಟೇ ದೂರ ನಿಂತಿದೆ ಅಂದರೆ ಲೆವೆಲ್ ಸರಿಯಿದೆ, ಕಿಟಕಿ ಕಡೆ ಜಾಗ ಎತ್ತರವಾಗಿದೆ. ಗುಳ್ಳೆ ಲೆವೆಲ್ಲಿನ ಜೊತೆ ತಿರುಗಿ ಈಗ ಬಾಗಿಲ ಕಡೆ ಹೋಗಿದ್ದರೆ ತಪ್ಪು ಲೆವೆಲ್ಲಿನದು. ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ ಅಂತ ಮಧ್ಯೆ ಎಲ್ಲೋ ನಿಂತರೆ ಎರಡರಲ್ಲೂ ತಪ್ಪಿದೆ. ವಾಸ್ತವದಲ್ಲಿ ಹೆಚ್ಚಾಗಿ ಸಿಗುವುದು ಈ ಮೂರನೆಯದೇ, ಜನ ಗಲಿಬಿಲಿಯಾಗುವುದೂ ಇಲ್ಲೇ.

ಅದನ್ನು ಅಳೆಯುವುದು ಕಷ್ಟವಿಲ್ಲ. ಗುಳ್ಳೆ ಯಾವಾಗಲೂ ಎತ್ತರದ ಕಡೆ ಓಡುತ್ತದೆ, ಹಾಗಾಗಿ ಅದರ ಎದುರು ತುದಿಯ ಕೆಳಗೆ ತೆಳು ರಟ್ಟಿನ ಚೂರುಗಳನ್ನು ಒಂದೊಂದಾಗಿ ತಳ್ಳುತ್ತಾ ಗುಳ್ಳೆಯನ್ನು ನಡುವೆ ತನ್ನಿ. ಎಷ್ಟು ದಪ್ಪ ಬೇಕಾಯಿತು, ಯಾವ ಕಡೆ ಬೇಕಾಯಿತು ಅಂತ ಬರೆದುಕೊಳ್ಳಿ. ಆಮೇಲೆ ಅದನ್ನು ತೆಗೆದು, ಲೆವೆಲ್ ತಿರುಗಿಸಿ ಮತ್ತೊಮ್ಮೆ ಹಾಗೇ ಮಾಡಿ. ಮೊದಲ ಸಲ ಎಡಗಡೆ 2 ಮಿ.ಮೀ. ಬೇಕಾಯಿತು ಅಂತಿಟ್ಟುಕೊಳ್ಳಿ. ತಿರುಗಿಸಿದ ಮೇಲೂ ಎಡಗಡೆಯೇ 2 ಬೇಕಾದರೆ ಜಾಗ 2 ಮಿ.ಮೀ. ಓರೆ, ಲೆವೆಲ್ ಸರಿ. ಈಗ ಬಲಗಡೆ 2 ಬೇಕಾದರೆ ಜಾಗ ಮಟ್ಟ, ಲೆವೆಲ್ 2 ಮಿ.ಮೀ. ತಪ್ಪು. ಈಗ ಏನೂ ಬೇಡ, ಗುಳ್ಳೆ ತಾನಾಗಿ ನಡುವೆ ಬಂತು ಅಂದರೆ ಜಾಗ 1, ಲೆವೆಲ್ 1. ಎರಡು ಸಲದ ನಡುವಿನ ವ್ಯತ್ಯಾಸ ಲೆವೆಲ್ಲಿನ ತಪ್ಪಿನ ಎರಡರಷ್ಟಿರುತ್ತದೆ, ಅದನ್ನು ಅರ್ಧ ಮಾಡಬೇಕು. ಈ ಅರ್ಧ ಮಾಡುವುದನ್ನು ಮರೆತು ಒಳ್ಳೆ ಲೆವೆಲ್ಲನ್ನು ಮೂಲೆಗೆ ಎಸೆದವರಿದ್ದಾರೆ.

ಡಿಜಿಟಲ್ ಲೆವೆಲ್ ಇದ್ದವರು ಇದೆಲ್ಲ ನಮಗಲ್ಲ ಅಂದುಕೊಳ್ಳಬೇಡಿ. ಅವುಗಳನ್ನು ಸರಿಹೊಂದಿಸುವಾಗಲೂ ಒಮ್ಮೆ ಇಟ್ಟು ಬಟನ್ ಒತ್ತಿ, ತಿರುಗಿಸಿಟ್ಟು ಮತ್ತೆ ಒತ್ತಿ ಅಂತಲೇ ಕೇಳುತ್ತವೆ. ಒಳಗೆ ನಡೆಯುವುದು ಇದೇ ಲೆಕ್ಕ.

ನೆಟ್ಟಗೆ ನೋಡುವ ಗುಳ್ಳೆಗೆ ಬೇರೆ ಪರೀಕ್ಷೆ

ಮಟ್ಟದ ಗುಳ್ಳೆ ಸರಿಯಿದೆ ಅಂತ ತುದಿಯಲ್ಲಿರುವ ತೂಕದ ಗುಳ್ಳೆಯೂ (ಗೋಡೆ ನೆಟ್ಟಗಿದೆಯಾ ಅಂತ ತೋರಿಸುವುದು) ಸರಿಯಿರಬೇಕು ಅಂತಿಲ್ಲ. ಒಂದೊಂದು ಕೊಳವೆಯನ್ನೂ ಬೇರೆ ಬೇರೆಯಾಗಿ ಕೂರಿಸಿರುತ್ತಾರೆ, ಒಂದೊಂದೂ ತನ್ನ ಪಾಡಿಗೆ ತಾನು ತಪ್ಪಬಹುದು. ಗೋಡೆ ಕೆಲಸ ಮಾಡುವವರಿಗೆ ಇದೇ ಮುಖ್ಯ, ಪರೀಕ್ಷೆ ಮಾಡುವವರು ಕಡಿಮೆ.

ಲೆವೆಲ್ಲನ್ನು ಗೋಡೆಗೆ ನೆಟ್ಟಗೆ ಆನಿಸಿ, ಮೇಲೆ ಕೆಳಗೆ ಗುರುತು ಹಾಕಿ, ಗುಳ್ಳೆ ನೋಡಿ. ಗುಳ್ಳೆ ಗೋಡೆ ಕಡೆ ಸರಿದಿದ್ದರೆ ಗೋಡೆಯ ತಲೆ ನಿಮ್ಮ ಕಡೆ ಬಾಗಿದೆ ಅಂತ ಅರ್ಥ, ನಿಮ್ಮ ಕಡೆ ಸರಿದಿದ್ದರೆ ತಲೆ ಆಚೆ ಬಾಗಿದೆ. ಈಗ ಅದೇ ಅಂಚು ಗೋಡೆಗೆ ತಾಗುವ ಹಾಗೆ ಇಟ್ಟುಕೊಂಡು, ಮೇಲಿನ ತುದಿ ಕೆಳಗೆ ಬರುವಂತೆ ತಿರುಗಿಸಿ, ಅದೇ ಗುರುತಿಗೆ ಆನಿಸಿ. ಎರಡು ಸಲವೂ ಒಂದೇ ಕಡೆ ಅಷ್ಟೇ ಸರಿದರೆ ಗೋಡೆಯದು ತಪ್ಪು. ಒಮ್ಮೆ ಗೋಡೆ ಕಡೆ, ಒಮ್ಮೆ ನಿಮ್ಮ ಕಡೆ ಹೋದರೆ ಲೆವೆಲ್ಲಿನದು.

ಒಂದು ತೊಡಕಿದೆ. ಕೆಲವು ಕೊಳವೆಗಳು ಒಂದೇ ಕಡೆ ಬಾಗಿರುತ್ತವೆ, ತಲೆಕೆಳಗಾದರೆ ಗುಳ್ಳೆ ಒಂದು ಮೂಲೆಗೆ ಓಡಿ ಅಲ್ಲೇ ಕೂರುತ್ತದೆ. ಅದು ಕೆಟ್ಟಿದೆ ಅಂತಲ್ಲ, ಅದರ ರಚನೆಯೇ ಹಾಗೆ. ಅಂಥದ್ದಕ್ಕೆ ತೂಕದ ಗುಂಡು ತನ್ನಿ. ಮೇಲಿಂದ ದಾರ ಇಳಿಬಿಟ್ಟು, ಗುಂಡನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಗಾಳಿಗೆ ತೂಗಾಡುವುದು ಬೇಗ ನಿಲ್ಲುತ್ತದೆ. ದಾರಕ್ಕೂ ಗೋಡೆಗೂ ಇರುವ ದೂರ ಮೇಲೆ ಕೆಳಗೆ ಒಂದೇ ಇದ್ದರೆ ಗೋಡೆ ನೆಟ್ಟಗಿದೆ. ಗುಂಡಿಗೆ ಸರಿಹೊಂದಿಸುವ ತಾಪತ್ರಯವೇ ಇಲ್ಲ, ಅದು ಕೆಡುವುದಿಲ್ಲ. ಒಂದು ಅಂತಸ್ತಿನ ಪೂರ್ತಿ ಎತ್ತರ ನೋಡುವುದಾದರೆ ಯಾವ ಲೆವೆಲ್ಲಿಗಿಂತಲೂ ನಾನು ಗುಂಡನ್ನೇ ನಂಬುತ್ತೇನೆ.

ಸಜ್ಜೆಯ ಅಡಿ, ತೊಲೆಯ ಅಡಿ ನೋಡುವವರಿಗೆ ಇನ್ನೊಂದು ತೊಡಕು. ಲೆವೆಲ್ಲನ್ನು ಮೇಲಕ್ಕೆ ಒತ್ತಿ ಹಿಡಿದು ಮೇಲಿನ ಅಂಚಿನಿಂದ ಓದಿದರೆ, ಆ ಮೇಲಿನ ಅಂಚು ತಳಕ್ಕೆ ಸಮಾನಾಂತರವಾಗಿದ್ದರೆ ಮಾತ್ರ ಲೆಕ್ಕ ಸರಿ. ಅಗ್ಗದ ಲೆವೆಲ್ಲುಗಳಲ್ಲಿ ತಳವನ್ನು ಮಾತ್ರ ಸಮ ಮಾಡಿರುತ್ತಾರೆ. ಆ ಅಂಚನ್ನು ಬೇರೆಯಾಗಿಯೇ ತಿರುಗಿಸಿ ಪರೀಕ್ಷಿಸಿ.

ಎಷ್ಟು ತಪ್ಪಿದ್ದರೆ ಒಪ್ಪಬಹುದು?

ಲೆವೆಲ್ಲಿನ ಮೇಲೆ ಅಥವಾ ಪೊಟ್ಟಣದ ಮೇಲೆ 0.5 ಮಿ.ಮೀ./ಮೀ. ಅಂತ ಬರೆದಿರುತ್ತದೆ. ಅಂದರೆ ಒಂದು ಮೀಟರ್ ಉದ್ದಕ್ಕೆ ಅರ್ಧ ಮಿ.ಮೀ. ತಪ್ಪಿರಬಹುದು, ಕೋನದಲ್ಲಿ ಹೇಳುವುದಾದರೆ ಸುಮಾರು 0.03 ಡಿಗ್ರಿ. ಕಟ್ಟಡ ಕೆಲಸಕ್ಕೆ ಇದು ಧಾರಾಳ ಸಾಕು. 1 ಮಿ.ಮೀ./ಮೀ. ಅಂತಿದ್ದರೆ ಇಟ್ಟಿಗೆ, ಬ್ಲಾಕ್ ಕೆಲಸಕ್ಕೆ ನಡೆಯುತ್ತದೆ, ಟೈಲ್ಸಿಗೆ, ಕಬೋರ್ಡಿಗೆ ನಾನು ಬೇಡ ಅನ್ನುತ್ತೇನೆ. ಏನೂ ಬರೆದಿಲ್ಲದಿದ್ದರೆ ಅದೂ ಒಂದು ಉತ್ತರವೇ, ಅಲ್ವಾ?

ಬರೆದದ್ದು ಹೊಸದಾಗಿದ್ದಾಗಿನ ಮಾತು, ಒಮ್ಮೆ ಏಣಿ ಮೇಲಿಂದ ಬಿದ್ದ ಲೆವೆಲ್ಲಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಬಿದ್ದ ತಕ್ಷಣ ತಿರುಗಿಸಿ ನೋಡಿ, ಮರುದಿನ ಅಲ್ಲ.

ಲೆವೆಲ್ ಸರಿಯಿದೆ, ಆದರೂ ಕೆಲಸ ಸೊಟ್ಟ ಬಂದಿದೆ

ಈಗ ತಪ್ಪು ಉಪಕರಣದ್ದಲ್ಲ ಅಂತ ಗೊತ್ತಾಯಿತು. ಹಾಗಿದ್ದರೆ ಬಳಸಿದ ರೀತಿ ನೋಡಬೇಕು.

ಮೊದಲ ಅನುಮಾನ ಉದ್ದದ ಮೇಲೆ. 60 ಸೆಂ.ಮೀ. ಲೆವೆಲ್ಲಿನಲ್ಲಿ ಕಣ್ಣಿಗೆ ಸಿಗದಷ್ಟು, 1 ಮಿ.ಮೀ. ಓರೆ ಉಳಿದುಹೋದರೆ 3 ಮೀಟರ್ ಗೋಡೆಯ ಕೊನೆಗೆ ಅದು 5 ಮಿ.ಮೀ. ಆಗುತ್ತದೆ. ಅಂಗೈಯುದ್ದದ ಪುಟ್ಟ ಲೆವೆಲ್ ಪೈಪು, ಸ್ವಿಚ್ ಬೋರ್ಡುಗಳಿಗೆ ಚೆನ್ನ. ಅದರಲ್ಲಿ ಬಾಗಿಲ ಚೌಕಟ್ಟು ನಿಲ್ಲಿಸಿದರೆ ನೀವು ನೋಡಿದ್ದು ಆ ಮರದ ಒಂದು ಗೇಣನ್ನು ಮಾತ್ರ, ಉಳಿದದ್ದು ದೇವರಿಗೇ ಗೊತ್ತು. ಗೋಡೆ ಕಟ್ಟಲು 120 ಸೆಂ.ಮೀ., ಬಾಗಿಲಿಗೆ 180 ಅಥವಾ 200, ಸಣ್ಣಪುಟ್ಟದ್ದಕ್ಕೆ 60. ಒಂದೇ ಕೊಳ್ಳುವುದಾದರೆ 120 ತೆಗೆದುಕೊಳ್ಳಿ.

ಉದ್ದ ಸಾಲದೆ ಲೆವೆಲ್ಲನ್ನು ಮುಂದಮುಂದಕ್ಕೆ ಸರಿಸುತ್ತಾ ಹೋಗುವ ಪದ್ಧತಿ ಇನ್ನೊಂದು ದೊಡ್ಡ ಕಾರಣ. 60 ಸೆಂ.ಮೀ. ಲೆವೆಲ್ ಹಿಡಿದು 6 ಮೀಟರ್ ಹೋಗಬೇಕಾದರೆ ಹತ್ತು ಸಲ ಇಡಬೇಕು, ಪ್ರತಿ ಸಲ ಅರ್ಧ ಮಿ.ಮೀ. ಒಂದೇ ಕಡೆ ತಪ್ಪಿದರೆ ಕೊನೆಗೆ 5 ಮಿ.ಮೀ. ಅದಕ್ಕೊಂದು ಉಪಾಯವಿದೆ: ಪ್ರತಿ ಸಲ ಮುಂದಕ್ಕೆ ಇಡುವಾಗ ಲೆವೆಲ್ಲಿನ ತುದಿ ಬದಲಿಸಿ. ಒಂದು ಸಲ ಮೇಲೆ ತಪ್ಪಿದ್ದು ಮುಂದಿನ ಸಲ ಕೆಳಗೆ ತಪ್ಪಿ, ಎರಡೂ ವಜಾ ಆಗುತ್ತವೆ. ಇದಕ್ಕಿಂತ ಒಳ್ಳೆಯದು ನೀರು ತುಂಬಿದ ಪಾರದರ್ಶಕ ಪೈಪು. ಅದರಲ್ಲೂ ಎರಡು ತಪ್ಪುಗಳು ಸದಾ ಆಗುತ್ತವೆ. ಪೈಪಿನ ಒಳಗೆ ಗಾಳಿ ಗುಳ್ಳೆ ಉಳಿದಿರುತ್ತದೆ, ಇಲ್ಲಾ ಒಂದು ತುದಿಯನ್ನು ಹೆಬ್ಬೆರಳಿಂದ ಮುಚ್ಚಿಕೊಂಡೇ ಓದುತ್ತಾರೆ. ಎರಡೂ ತುದಿ ತೆರೆದಿರಬೇಕು. ಓದುವ ಮುಂಚೆ ಎರಡು ತುದಿಗಳನ್ನೂ ಪಕ್ಕಪಕ್ಕ ಹಿಡಿದು ನೀರು ಒಂದೇ ಎತ್ತರಕ್ಕೆ ಬರುತ್ತದಾ ನೋಡಿ. ಬರಲಿಲ್ಲ ಅಂದರೆ ಒಳಗೆ ಗಾಳಿ ಇದೆ.

ಲೆವೆಲ್ಲಿನ ಕೆಳಗೆ ಉದ್ದದ ಪಟ್ಟಿ ಇಟ್ಟುಕೊಂಡು ನೋಡುವವರು ಆ ಪಟ್ಟಿ ಬಾಗಿಲ್ಲವಾ ಅಂತ ಮೊದಲು ನೋಡಿ. ಸಮ ನೆಲದ ಮೇಲೆ ಪಟ್ಟಿಯ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ, ಪಟ್ಟಿಯನ್ನು ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚಿಗೆ ಮತ್ತೆ ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ ಜಾಗ ಕಂಡರೆ ಅದರ ಅರ್ಧದಷ್ಟು ಪಟ್ಟಿ ಬಾಗಿದೆ. ಲೆವೆಲ್ಲಿನ ಬಾಡಿಯನ್ನೂ ಹೀಗೇ ನೋಡಬಹುದು.

ತಾನಾಗಿ ತೆರೆದುಕೊಳ್ಳುವ ಬಾಗಿಲಿನ ವಿಷಯ. ಹಿಂಜ್ ಇರುವ ಕಡೆಯ ಚೌಕಟ್ಟಿಗೆ ಎರಡು ಮುಖಗಳಿವೆ, ಒಂದು ಬಾಗಿಲ ಸಂದಿನೊಳಗೆ ನೋಡುತ್ತದೆ, ಇನ್ನೊಂದು ಕೋಣೆ ಕಡೆ ನೋಡುತ್ತದೆ. ಹೆಚ್ಚಿನವರು ಒಂದಕ್ಕೆ ಲೆವೆಲ್ ಇಟ್ಟು ಸರಿಯಿದೆ ಅಂದುಬಿಡುತ್ತಾರೆ. ಎರಡಕ್ಕೂ ಇಡಬೇಕು. ಎರಡೂ ಸರಿಯಿದ್ದು ಬಾಗಿಲು ಇನ್ನೂ ಓಡಾಡುತ್ತಿದ್ದರೆ ಹಿಂಜ್ ನೋಡಿ, ಒಂದು ಹಿಂಜ್ ಜಾಸ್ತಿ ಆಳಕ್ಕೆ ಕೂತಿದ್ದರೆ ಮರ ನೆಟ್ಟಗಿದ್ದರೂ ಬಾಗಿಲು ತಿರುಗುವ ಅಕ್ಷ ಓರೆಯಾಗುತ್ತದೆ. ಬಾಗಿಲನ್ನು ಅರ್ಧ ತೆರೆದು ಕೈ ಬಿಡಿ, ಆಮೇಲೆ ಮುಕ್ಕಾಲು ತೆರೆದು ಬಿಡಿ. ಬಿಟ್ಟಲ್ಲೇ ನಿಂತರೆ ಅಕ್ಷ ನೆಟ್ಟಗಿದೆ.

ಪ್ಲಾಸ್ಟರ್ ಆದ ಗೋಡೆಯಲ್ಲಿ ಉಬ್ಬು ತಗ್ಗು ಇದ್ದೇ ಇರುತ್ತದೆ, ಲೆವೆಲ್ ಒಂದು ಉಬ್ಬಿನ ಮೇಲೆ ಕೂತು ಆಡುತ್ತದೆ, ಒತ್ತಿದ ಕಡೆ ಗುಳ್ಳೆ ಬದಲಾಗುತ್ತದೆ. ಒಂದೇ ದಪ್ಪದ ಎರಡು ಮರದ ತುಂಡುಗಳನ್ನು ಮೇಲೊಂದು ಕೆಳಗೊಂದು ಇಟ್ಟು ಅವುಗಳ ಮೇಲೆ ಲೆವೆಲ್ ಆನಿಸಿ. ನಡುವಿನ ಉಬ್ಬು ಲೆಕ್ಕಕ್ಕೆ ಬರುವುದಿಲ್ಲ.

ನೆಲದಲ್ಲಿ ನೀರು ನಿಲ್ಲುತ್ತಿದ್ದರೆ ಉಲ್ಟಾ ಸಮಸ್ಯೆ. ಲೆವೆಲ್ ಎರಡು ಉಬ್ಬುಗಳ ಮೇಲೆ ಸೇತುವೆ ಹಾಗೆ ಕೂತು ನಡುವಿನ ಗುಂಡಿಯನ್ನು ಮುಚ್ಚಿಹಾಕುತ್ತದೆ, ಗುಳ್ಳೆ ಮಾತ್ರ ನಡುವೆ. ಇಲ್ಲಿ ಗುಳ್ಳೆಯನ್ನು ಬಿಟ್ಟು ಲೆವೆಲ್ಲಿನ ತಳ ನೋಡಿ. ಆಚೆ ಕಡೆ ಟಾರ್ಚ್ ಹಿಡಿದರೆ ತಳದ ಕೆಳಗಿಂದ ಬೆಳಕು ಎಲ್ಲಿ ತೂರುತ್ತದೋ ಅಲ್ಲಿ ಗುಂಡಿ.

ಇನ್ನು ಬಚ್ಚಲು, ಮಹಡಿ ಮೇಲೆಲ್ಲ ಬೇಕಾಗುವುದೇ ಇಳಿಜಾರು. ಕೊಳವೆ ಮೇಲೆ ಎರಡರ ಬದಲು ನಾಲ್ಕು ಗೆರೆ ಇದ್ದರೆ ಹೊರಗಿನ ಗೆರೆಗಳು ಇಳಿಜಾರಿಗಾಗಿ ಇರುವವು, ಎಷ್ಟು ಇಳಿಜಾರಿಗೆ ಅನ್ನುವುದು ಒಂದೊಂದು ತಯಾರಿಕೆಯಲ್ಲಿ ಒಂದೊಂದು ಥರ. ಹೊರಗಿನ ಗೆರೆಯನ್ನು ಒಳಗಿನದು ಅಂತ ಓದಿ ಕಪಾಟು ಕೂರಿಸಿದರೆ ಸೊಟ್ಟ ಬರದೆ ಇನ್ನೇನು. ಗೆರೆ ನಂಬುವುದಕ್ಕಿಂತ ತುಂಡು ಕಟ್ಟುವುದು ವಾಸಿ. 60 ಸೆಂ.ಮೀ. ಲೆವೆಲ್ಲಿನ ಒಂದು ತುದಿಯ ತಳಕ್ಕೆ 12 ಮಿ.ಮೀ. ಮರದ ತುಂಡನ್ನು ಟೇಪ್ ಸುತ್ತಿ ಅಂಟಿಸಿ, ಆ ತುದಿಯನ್ನು ನೀರು ಹೋಗುವ ಕಡೆ ಇಡಿ. ಗುಳ್ಳೆ ನಡುವೆ ಬಂದರೆ ಸರಿಯಾಗಿ 2 ಪರ್ಸೆಂಟ್ ಇಳಿಜಾರು. 1 ಪರ್ಸೆಂಟ್ ಬೇಕಾದರೆ 6 ಮಿ.ಮೀ. ಕೆಲಸ ಮುಗಿದ ಮೇಲೆ ತುಂಡು ಬಿಚ್ಚುವುದನ್ನು ಮರೆಯಬೇಡಿ, ಹಾಗೇ ಬಿಟ್ಟ ಲೆವೆಲ್ ಮುಂದಿನವನ ಕೈಗೆ ಸಿಕ್ಕರೆ ಅವನಿಗೆ ಗ್ರಹಚಾರ.

ಗುಳ್ಳೆಯದ್ದೇ ತೊಂದರೆ

ಮಧ್ಯಾಹ್ನ ನೋಡಿದರೆ ಗುಳ್ಳೆ ಚಿಕ್ಕದು, ಬೆಳಿಗ್ಗೆ ನೋಡಿದರೆ ದೊಡ್ಡದು ಅಂತ ಗಾಬರಿಯಾಗಬೇಡಿ. ಕೊಳವೆಯಲ್ಲಿರುವುದು ನೀರಲ್ಲ, ಆಲ್ಕೋಹಾಲ್ ಅಥವಾ ಅಂಥದ್ದೇ ತೆಳ್ಳಗಿನ ದ್ರವ. ಆಲ್ಕೋಹಾಲ್ ಬಿಸಿಗೆ ಹಿಗ್ಗುವುದು ನೀರಿಗಿಂತ ಸುಮಾರು 5 ಪಟ್ಟು ಜಾಸ್ತಿ. ಅದು ಹಿಗ್ಗಿದಷ್ಟೂ ಗುಳ್ಳೆಗೆ ಜಾಗ ಕಡಿಮೆ. ಅದಕ್ಕೇ ಗುಳ್ಳೆ ಗೆರೆಗಳಿಗೆ ತಾಗಿದೆಯಾ ಅಂತ ನೋಡಬಾರದು, ಎರಡೂ ಕಡೆ ಉಳಿದ ಸಂದು ಒಂದೇ ಇದೆಯಾ ಅಂತ ನೋಡಬೇಕು. ಗುಳ್ಳೆ ಗೆರೆಗಳಾಚೆಗೂ ಚಾಚಿಕೊಂಡಿದ್ದರೆ ಹೊರಗೆ ಬಂದ ಭಾಗ ಎರಡು ಕಡೆಯೂ ಸಮವಾ ಅಂತ ನೋಡಿ.

ಆದರೆ ದಿನೇದಿನೇ ದೊಡ್ಡದಾಗುತ್ತಲೇ ಹೋಗುತ್ತಿದ್ದರೆ ಅದು ಬಿಸಿಲಿನ ಆಟವಲ್ಲ, ಕೊಳವೆ ಸೋರುತ್ತಿದೆ. ಅದಕ್ಕೆ ಮದ್ದಿಲ್ಲ. ಪೆಟ್ಟು ಬಿದ್ದು ಗುಳ್ಳೆ ಎರಡಾಗಿದ್ದರೆ ಲೆವೆಲ್ಲನ್ನು ನೆಟ್ಟಗೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಕೂಡಿಕೊಳ್ಳುತ್ತವೆ. ಗುಳ್ಳೆ ನಿಧಾನಕ್ಕೆ ಎಳೆದಾಡಿದರೆ ಚಳಿಯಿಂದ ದ್ರವ ಮಂದವಾಗಿದೆ, ಕಾಯಿರಿ. ಬಿಸಿಲಲ್ಲಿ ಒಂದು ಮಗ್ಗುಲು ಕಾದು ಇನ್ನೊಂದು ಮಗ್ಗುಲು ತಣ್ಣಗಿದ್ದರೆ ಉದ್ದದ ಅಲ್ಯೂಮಿನಿಯಂ ಬಾಡಿ ಕೊಂಚ ಬಾಗುತ್ತದೆ ಕೂಡ, ನೆರಳಿಗೆ ತಂದು ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಕಣ್ಣಿನ ವಿಷಯವೂ ಇದೆ. ಗುಳ್ಳೆ ಕೊಳವೆಯ ಒಳಗಿದೆ, ಗೆರೆ ಹೊರಗಿದೆ, ಓರೆಯಾಗಿ ನೋಡಿದರೆ ಗುಳ್ಳೆ ಸರಿದ ಹಾಗೆ ಕಾಣುತ್ತದೆ. ಮೂಗು ಕೊಳವೆಗೆ ನೇರ ಬರುವ ಹಾಗೆ ಬಗ್ಗಿ. ಕತ್ತಲಿದ್ದರೆ ಹಿಂದೆ ಒಂದು ಬಿಳಿ ಕಾಗದ ಹಿಡಿಯಿರಿ.

ತಪ್ಪಿದ ಲೆವೆಲ್ಲನ್ನು ಏನು ಮಾಡುವುದು?

ಕೊಳವೆಯ ಪಕ್ಕ ಸಣ್ಣ ಸ್ಕ್ರೂಗಳಿದ್ದರೆ ಸರಿ ಮಾಡಬಹುದು. ಒಂದು ದಿಕ್ಕಿನಲ್ಲಿ ಇಟ್ಟು ರಟ್ಟು ತುಂಬಿ ಗುಳ್ಳೆಯನ್ನು ನಡುವೆ ತನ್ನಿ, ತಿರುಗಿಸಿ, ರಟ್ಟು ಇದ್ದಲ್ಲೇ ಇರಲಿ. ಈಗ ಗುಳ್ಳೆ ಎಷ್ಟು ಸರಿಯಿತೋ ಅದರ ಅರ್ಧವನ್ನು ಸ್ಕ್ರೂನಿಂದ, ಉಳಿದ ಅರ್ಧವನ್ನು ರಟ್ಟಿನಿಂದ ಸರಿ ಮಾಡಿ. ಮತ್ತೆ ತಿರುಗಿಸಿ. ಎರಡೂ ದಿಕ್ಕಿನಲ್ಲಿ ಒಂದೇ ಬರುವವರೆಗೆ ಹೀಗೇ. ಪೂರ್ತಿಯನ್ನೂ ಸ್ಕ್ರೂನಲ್ಲೇ ಎಳೆದರೆ ತಪ್ಪು ಆಚೆ ಕಡೆಗೆ ಹೋಗುತ್ತದೆ ಅಷ್ಟೇ.

ಕೊಳವೆಯನ್ನು ಅಂಟಿನಿಂದ ಕೂರಿಸಿದ್ದರೆ ಕಿತ್ತು ಸರಿ ಮಾಡಲು ಹೋಗಬೇಡಿ. ಕೊಳವೆ ಒಡೆದು ತೆಗೆದು, ಬಾಡಿ ನೇರವಾಗಿದ್ದರೆ ಪಟ್ಟಿಯಾಗಿ ಇಟ್ಟುಕೊಳ್ಳಿ. ಕೊಳವೆ ಹಾಗೇ ಬಿಟ್ಟರೆ ಅವಸರದಲ್ಲಿ ಯಾರೋ ಅದರಲ್ಲೇ ಮಟ್ಟ ನೋಡುತ್ತಾರೆ.

ಹೊಸದು ಕೊಳ್ಳುವಾಗ ಅಂಗಡಿಯ ಮೇಜಿನ ಮೇಲೇ ತಿರುಗಿಸಿ ನೋಡಿ, ತೂಕದ ಗುಳ್ಳೆಗೆ ಅಲ್ಲೇ ಇರುವ ಕಂಬ ಸಾಕು. ಎರಡು ಲೆವೆಲ್ಲುಗಳ ತಳ ಒಂದಕ್ಕೊಂದು ಕೂಡಿಸಿ ಬೆಳಕಿಗೆ ಹಿಡಿದರೆ ಬಾಗಿದೆಯಾ ಅಂತ ಗೊತ್ತಾಗುತ್ತದೆ, ಸಂದು ಕಂಡರೆ ಯಾವುದು ಬಾಗಿದೆ ಅಂತ ತಿಳಿಯಲು ಮೂರನೆಯದನ್ನು ಕೇಳಿ. ತಳವನ್ನು ಮಿಲ್ಲಿಂಗ್ ಮಾಡಿದ್ದರೆ, ಅಂದರೆ ಯಂತ್ರದಲ್ಲಿ ಕೆರೆದು ಸಮ ಮಾಡಿದ್ದರೆ, ಅಲ್ಲಿ ಬಣ್ಣವಿಲ್ಲದೆ ಹೊಳೆಯುತ್ತದೆ, ಸಾಧ್ಯವಾದರೆ ಅಂಥದ್ದನ್ನೇ ಆರಿಸಿ. ಟೊಳ್ಳು ಪೆಟ್ಟಿಗೆಯಂಥ ಬಾಡಿ ತಿರುಚುವುದಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಇಂಗ್ಲಿಷಿನ ಐ ಆಕಾರದ್ದು ಹಗುರ, ಆದರೆ ತಿರುಚಿದರೆ ಅಷ್ಟು ಗಟ್ಟಿಯಲ್ಲ. ಎರಡು ಕೈಯಲ್ಲಿ ತುದಿಗಳನ್ನು ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ, ಕೈಗೆ ಬಗ್ಗಿದರೆ ಬೇಡ. ಅಂಗಡಿಯವರು ಗುರಾಯಿಸಬಹುದು. ಗುರಾಯಿಸಲಿ ಬಿಡಿ.